ಮೂರು ಸಲ ಟಕ್

ಟಕ್. ಟಕ್. ಟಕ್.

ಡ್ರಮ್ ಬಾರಿಸಲು ಎತ್ತಿದ ಕೋಲು ಎತ್ತಿದ ಹಾಗೆಯೇ ನಿಂತಿತು. ಟಕಟಕಿ ಉಸಿರು ಬಿಗಿಹಿಡಿದು ಕಾಲ ಕೆಳಗಿನ ನೆಲವನ್ನೇ ನೋಡಿದಳು. ಸದ್ದು ಬಂದಿದ್ದು ಅಲ್ಲಿಂದಲೇ. ಕೆಳಗಿನ ಮನೆಯ ಡ್ರೈವರ್ ಅಂಕಲ್ ನೆಲ ಒರೆಸುವ ಕೋಲು ತಗೊಂಡು ತಮ್ಮ ಮನೆಯ ಸೂರಿಗೆ ಕುಟ್ಟಿದ್ದರು.

"ಆಯ್ತಾ? ಎಬ್ಬಿಸಿದ್ಯಾ ಅವರನ್ನ?" ಅಜ್ಜಿ ಒಳಗಿನಿಂದಲೇ ಕೂಗಿದಳು. "ತಗೊಂಡ್ ಬಾ ಇನ್ನೊಂದನ್ನ, ನನ್ನ ಜೈಲಿಗೆ!"

ಇದು ಅಮ್ಮ ಮಾಡಿದ ಕಾನೂನು. ಕೆಳಗಿನಿಂದ ಮೂರು ಸಲ ಟಕ್ ಅಂದರೆ ಡ್ರಮ್ ಸೆಟ್ಟಿನ ಒಂದು ಸಾಮಾನು ಅಜ್ಜಿಯ ಕೋಣೆ ಸೇರಬೇಕು. ವಾದ ಇಲ್ಲ, ಅಳು ಇಲ್ಲ. ಮಾವ ಬೇರೆ ಊರಿಗೆ ಹೋಗುವಾಗ ಸೆಟ್ಟನ್ನು ಟಕಟಕಿಗೆ ಕೊಟ್ಟ ದಿನ ಐದು ಸಾಮಾನು ಇದ್ದವು. ಮೊದಲು ಜೈಲಿಗೆ ಹೋಗಿದ್ದು ಕಾಲಲ್ಲಿ ಒತ್ತಿದರೆ 'ಧಂ' ಎನ್ನುವ ದೊಡ್ಡ ಡ್ರಮ್. ಅಜ್ಜಿ ಅದನ್ನು ಮಲಗಿಸಿ, ಮೇಲೊಂದು ಬಟ್ಟೆ ಹಾಸಿ, ಮಾತ್ರೆ ಡಬ್ಬಿ, ಕನ್ನಡಕ ಎಲ್ಲ ಇಟ್ಟುಕೊಂಡುಬಿಟ್ಟಿದ್ದಳು. ಆಮೇಲೆ 'ಚಲ್' ಎನ್ನುವ ಕಂಚಿನ ತಟ್ಟೆ, ಸಿಂಬಲ್ ಹೋಯಿತು. ಇವತ್ತು ನಡುಗಾತ್ರದ ಡ್ರಮ್, ಟಾಮ್.

ಇನ್ನು ಉಳಿದದ್ದು ಎರಡೇ. ಒಂದರ ಮೇಲೊಂದು ಕೂತ ಎರಡು ಕಂಚಿನ ತಟ್ಟೆಗಳ ಹೈಹ್ಯಾಟ್, ಹೊಟ್ಟೆಯಡಿ ತಂತಿ ಕಟ್ಟಿಕೊಂಡ ಪುಟ್ಟ ಸ್ನೇರ್. ಶನಿವಾರ ಶಾಲೆಯಲ್ಲಿ ಪ್ರೋಗ್ರಾಂ. ಅಷ್ಟರೊಳಗೆ ಇನ್ನೆರಡು ಸಲ ಕುಟ್ಟಿದರೆ ಟಕಟಕಿ ಸ್ಟೇಜ್ ಮೇಲೆ ಬರಿಗೈಯಲ್ಲಿ ನಿಲ್ಲಬೇಕು.

ಟಕಟಕಿ ಅಂತ ಹೆಸರಿಟ್ಟವಳು ಅಜ್ಜಿ. ಕೂತಲ್ಲಿ ನಿಂತಲ್ಲಿ ಅವಳ ಬೆರಳು ಏನನ್ನಾದರೂ ಬಾರಿಸುತ್ತಲೇ ಇರುತ್ತಿತ್ತು. ಬೆಂಚು, ಬಕೆಟ್ಟು, ಕೆಲವು ಸಲ ಅಜ್ಜಿಯ ಬೆನ್ನು. ಆದರೆ ಡ್ರೈವರ್ ಅಂಕಲ್ ಎದುರು ಬಂದರೆ ಆ ಬೆರಳುಗಳು ಓಡಿಹೋಗಿ ಜೇಬು ಸೇರುತ್ತಿದ್ದವು. ಬಾಗಿಲಿನಷ್ಟು ಎತ್ತರದ ಮನುಷ್ಯ, ಪೊರಕೆಯಂಥ ಮೀಸೆ. ನಕ್ಕಿದ್ದನ್ನು ಕಂಡವರಿಲ್ಲ.

ಅವರದು ಸಿಟಿ ಬಸ್ಸು. ನಸುಕಿನಲ್ಲೇ ಎದ್ದು ಡ್ಯೂಟಿಗೆ ಹೋಗಿ, ಮಧ್ಯಾಹ್ನ ಬಂದು ಮಲಗಿ, ಸಂಜೆ ಐದೂ ಮುಕ್ಕಾಲಿಗೆ ಮತ್ತೆ ಡ್ಯೂಟಿಗೆ ಹೊರಡುತ್ತಿದ್ದರು. ಟಕಟಕಿ ಶಾಲೆಯಿಂದ ಬರುವುದು ನಾಲ್ಕಕ್ಕೆ. ಆರಕ್ಕೆ ಟ್ಯೂಷನ್. ಬಾರಿಸಲು ಅವಳಿಗೆ ಇದ್ದದ್ದೂ ಅದೇ ಎರಡು ಗಂಟೆ, ಅವರ ನಿದ್ದೆಯೂ ಅದೇ ಹೊತ್ತಿನಲ್ಲಿ. ಪಾಪ, ಇದರಲ್ಲಿ ಯಾರದು ತಪ್ಪು ಹೇಳಿ?

ಗುರುವಾರ ಶಾಲೆಯಲ್ಲಿ ಪ್ರ್ಯಾಕ್ಟೀಸ್ ಇತ್ತು. ಟಕಟಕಿ ಹೈಹ್ಯಾಟನ್ನೂ ಸ್ನೇರನ್ನೂ ಆಟೋದಲ್ಲಿ ಹೇರಿಕೊಂಡು ಹೋದಳು. ಕೀಬೋರ್ಡ್ ನುಡಿಸುವ ಹುಡುಗ ಒಬ್ಬನಿದ್ದ. ದಪ್ಪ ಕನ್ನಡಕದಿಂದಾಗಿ ಎಲ್ಲರಿಗೂ ಅವನು ಚಷ್ಮಾ.

"ಇಷ್ಟೇನಾ?" ಅಂದ ಚಷ್ಮಾ. "ಇದು ಡ್ರಮ್ ಸೆಟ್ಟಾ, ಅಡುಗೆಮನೆ ಪಾತ್ರೆನಾ?"

ಎಲ್ಲರೂ ಕಿಸಕ್ಕನೆ ನಕ್ಕರು. ಮ್ಯೂಸಿಕ್ ಮೇಡಂ ನಗಲಿಲ್ಲ. ಆದರೆ ಅವರು ಹೇಳಿದ್ದು ಅದಕ್ಕಿಂತ ಚುಚ್ಚಿತು. "ಕೊನೇ ಸಾಲಿನವರಿಗೂ ಕೇಳಿಸ್ಬೇಕು ಮರಿ. ಆಗುತ್ತಾ ನಿನ್ ಕೈಲಿ? ಇಲ್ಲಾಂದ್ರೆ ಡ್ರಮ್ ಇಲ್ದೇನೇ ಹಾಡಿಸ್ತೀನಿ."

"ಆಗುತ್ತೆ ಮಿಸ್," ಅಂದಳು ಟಕಟಕಿ. ಕಿವಿ ಬಿಸಿಯಾಗಿ ಉರಿಯುತ್ತಿತ್ತು.

ಮನೆಗೆ ಬಂದಾಗ ಅಜ್ಜಿ ಇರಲಿಲ್ಲ. ಎರಡು ಬೀದಿ ಆಚೆ ಹರಟೆಗೆ ಹೋಗಿದ್ದಳು. ಟಕಟಕಿ ಹಿಂದೆ ಮುಂದೆ ನೋಡಲಿಲ್ಲ. ಮಾತ್ರೆ ಡಬ್ಬಿ, ಕನ್ನಡಕ ತೆಗೆದು ಮಂಚದ ಮೇಲಿಟ್ಟಳು. ದೊಡ್ಡ ಡ್ರಮ್ಮನ್ನು ಉರುಳಿಸಿಕೊಂಡು ಹಾಲಿಗೆ ತಂದಳು. ಟಾಮ್ ಬಂತು, ಸಿಂಬಲ್ ಬಂತು. ಜೈಲು ಖಾಲಿ!

ಧಂ! ಧಂ! ಚಲ್! ಧಂ!

ಟಕ್. ಟಕ್. ಟಕ್.

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೆ ಇವತ್ತು ನಿಲ್ಲಿಸುವ ಮನಸ್ಸಿರಲಿಲ್ಲ. ಚಷ್ಮಾನ ನಗು ಕಿವಿಯಲ್ಲೇ ಇತ್ತು. ಅವಳು ಕಾಲನ್ನು ಇನ್ನೂ ಜೋರಾಗಿ ಒತ್ತಿದಳು.

ಟಕ್. ಟಕ್. ಟಕ್.

ಆ ಸದ್ದು ಮುಳುಗುವಷ್ಟು ಜೋರಾಗಿ ಬಾರಿಸಿದಳು. ಆಮೇಲೆ ಕೆಳಗಿನಿಂದ ಏನೂ ಕೇಳಿಸಲಿಲ್ಲ. ಒಂದೂವರೆ ಗಂಟೆ ಬಾರಿಸಿ, ಬೆವರು ಒರೆಸಿಕೊಂಡು, ಆ ಮೂರನ್ನೂ ಮತ್ತೆ ಜೈಲಿಗೆ ಹಾಕಿ, ಮೇಲೆ ಕನ್ನಡಕ ಇಟ್ಟಳು. ಏನೂ ಆಗಿಲ್ಲ ಎನ್ನುವ ಹಾಗೆ.

ಐದೂ ಮುಕ್ಕಾಲಿಗೆ ಕಿಟಕಿಯಿಂದ ಬಗ್ಗಿ ನೋಡಿದಳು. ಡ್ರೈವರ್ ಅಂಕಲ್ ಅಂಗಳದ ನಲ್ಲಿಯಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದರು. ಒಂದು ಸಲ, ಎರಡು ಸಲ, ಐದಾರು ಸಲ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ಅವರು ಮೇಲೆ ನೋಡಲೇ ಇಲ್ಲ. ಬೈಯಲೂ ಇಲ್ಲ. ಸದ್ಯ ಬಚಾವ್, ಅಂದುಕೊಂಡು ಟಕಟಕಿ ಟ್ಯೂಷನ್ನಿಗೆ ಓಡಿದಳು.

ಅಮ್ಮ ಕೆಲಸ ಮಾಡುವುದು ಆಸ್ಪತ್ರೆಯ ಲಾಂಡ್ರಿಯಲ್ಲಿ. ದಿನಾ ಏಳೂವರೆಯ ಬಸ್ಸಿಗೆ ಬರುತ್ತಾಳೆ. ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿದರೆ ಐದು ನಿಮಿಷಕ್ಕೆ ಅಮ್ಮ ಬಾಗಿಲಲ್ಲಿ. ಅವತ್ತು ಏಳೂವರೆ ಆಯಿತು. ಏಳೂ ಮುಕ್ಕಾಲು ಆಯಿತು. ಹಾರ್ನ್ ಇಲ್ಲ. ಅಮ್ಮನ ಫೋನ್ ಸ್ವಿಚ್ ಆಫ್.

"ಚಾರ್ಜ್ ಮುಗಿದಿರುತ್ತೆ," ಅಂದಳು ಅಜ್ಜಿ. ಆದರೆ ಎದ್ದು ಎದ್ದು ಕಿಟಕಿಗೆ ಹೋಗುತ್ತಿದ್ದಳು. "ಅಲ್ಲ ಕಣೇ, ಆ ಡ್ರೈವರ್ ಹೊರಡೋವಾಗ ನೋಡ್ದೆ. ಕಣ್ಣು ಕೆಂಡ ಆಗಿತ್ತು. ಪಾಪ, ನಿದ್ದೆನೇ ಆಗಿಲ್ವೇನೋ. ಯಾರು ಕೆಡಿಸಿದ್ರೋ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಟಕಟಕಿ ತಟ್ಟನೆ ಎರಡೂ ಕೈ ಹಿಂದೆ ಕಟ್ಟಿದಳು.

ಅಮ್ಮ ಬರುವ ಬಸ್ಸು ಅವರದೇ.

ಆ ಯೋಚನೆ ಬಂದದ್ದೇ ತಡ, ಅವಳೂ ಕಿಟಕಿಗೆ ಓಡಿದಳು. ಇಷ್ಟು ದಿನ ಅವಳು ಅವರಿಗೆ ಹೆದರುತ್ತಿದ್ದಳು. ಈಗಿನ ಹೆದರಿಕೆ ಬೇರೆ. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಸೇತುವೆ ಇದೆ. ಸೇತುವೆಯ ಕಂಬಿ ಒಂದು ಕಡೆ ಮುರಿದಿದೆ. ಕೆಂಪು ಕಣ್ಣು ಮುಚ್ಚಿಹೋದರೆ? ಬಸ್ಸಿನಲ್ಲಿ ಅಮ್ಮ ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ಮುಂದಿನ ಸೀಟು ಯಾಕೆ ಅಮ್ಮ? ಹಿಂದೆ ಕೂತಿರು, ಇವತ್ತೊಂದು ದಿನ ಹಿಂದೆ ಕೂತಿರು.

"ಯಾಕೇ, ಕೈ ಸುಮ್ನಿದೆ?" ಅಜ್ಜಿ ಕೇಳಿದಳು. "ಹುಷಾರಿಲ್ವಾ?"

ಟಕಟಕಿ ಕಿಟಕಿಯ ಸರಳು ಹಿಡಿದುಕೊಂಡಳು. ಬಾಯಿ ತೆರೆದರೆ ಅಳು ಬರುತ್ತಿತ್ತು.

ಎಂಟು ಗಂಟೆ ಹತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಅಮ್ಮ!

ಟಕಟಕಿ ಓಡಿಹೋಗಿ ಅಪ್ಪಿಕೊಂಡಳು. ಅಮ್ಮನ ಸೀರೆಯಿಂದ ಇಸ್ತ್ರಿಯ ವಾಸನೆ ಬರುತ್ತಿತ್ತು.

"ಅಯ್ಯೋ ಬಿಡೇ, ಬೀಳ್ತೀನಿ! ಏನಿಲ್ಲ, ಬಸ್ ಲೇಟು. ಸೇತುವೆ ದಾಟಿದ ಕೂಡ್ಲೇ ನಮ್ಮ ಡ್ರೈವರ್ ಪೆಟ್ರೋಲ್ ಬಂಕ್ ಮುಂದೆ ಬಸ್ ನಿಲ್ಲಿಸಿಬಿಟ್ರು. 'ಕಣ್ಣು ಎಳೀತಿದೆ, ಅರ್ಧ ಗಂಟೆ ಮಲಗ್ತೀನಿ, ಬೈಯೋರು ಬೈಕೊಳ್ಳಿ' ಅಂದ್ರು. ಜನ ಸುಮ್ನಿರ್ತಾರಾ? ಒಬ್ಬ ಅಂತೂ ಕಂಪ್ಲೇಂಟ್ ಕೊಡ್ತೀನಿ ಅಂತ ಕುಣಿದ. ಅವರು ಸ್ಟೀರಿಂಗ್ ಮೇಲೆ ತಲೆ ಇಟ್ರು, ಹಾರ್ನ್ ಪೋಂ ಅಂತು. ಆದ್ರೂ ಏಳ್ಲಿಲ್ಲ ಕಣೇ!"

ಅಜ್ಜಿ ನಕ್ಕಳು. ಟಕಟಕಿ ನಗಲಿಲ್ಲ.

"ಅಮ್ಮ, ಅವರ ನಿದ್ದೆ ಕೆಡಿಸಿದ್ದು ನಾನೇ." ಎಲ್ಲವನ್ನೂ ಹೇಳಿದಳು. ಜೈಲು ಖಾಲಿ ಮಾಡಿದ್ದು, ಅವರು ಎರಡು ಸಲ ಕುಟ್ಟಿದ್ದು, ಕೇಳಿಸಿದರೂ ನಿಲ್ಲಿಸದೇ ಇದ್ದದ್ದು. ಹೇಳಿ ಮುಗಿಸಿ ಹೈಹ್ಯಾಟನ್ನು ತಾನೇ ಎತ್ತಿ ಅಜ್ಜಿಯ ಕೋಣೆಯಲ್ಲಿಟ್ಟು ಬಂದಳು. ಕಾನೂನಿನ ಪ್ರಕಾರ ಸ್ನೇರೂ ಹೋಗಬೇಕು. "ಇದೂ ಹೋಗ್ಬೇಕಾ ಅಮ್ಮ?" ಅಂತ ಕೇಳಿದಳು.

ಅಮ್ಮ ಬ್ಯಾಗು ಕೆಳಗಿಟ್ಟಳು. ಆಮೇಲೆ, "ಅದನ್ನ ನನ್ನ ಕೇಳ್ಬೇಡ. ಅವರನ್ನೇ ಕೇಳು," ಅಂದಳು.

ಟಕಟಕಿ ಸ್ನೇರನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂತಳು. ಡ್ರೈವರ್ ಅಂಕಲ್ ಡ್ಯೂಟಿ ಮುಗಿಸಿ ಬರುವುದನ್ನೇ ಕಾದಳು. ಎದ್ದು ಓಡಿಬಿಡೋಣ ಅಂತ ಮೂರು ಸಲ ಅನ್ನಿಸಿತು. ಕೊನೆಗೆ ಗೇಟು ಕಿರ್ ಎಂದಿತು.

"ಯಾರದು?"

"ನಾನು... ಮೇಲಿನ ಮನೆಯವಳು."

ಬಾಗಿಲಿನಷ್ಟು ಎತ್ತರದ ಮನುಷ್ಯ ಬಂದು ಎದುರಿಗೇ ನಿಂತರು.

"ಇವತ್ತು ನೀವು ಎರಡು ಸಲ ಕುಟ್ಟಿದ್ರಿ ಅಂಕಲ್. ನಾನು ನಿಲ್ಲಿಸ್ಲಿಲ್ಲ."

"ಹೂಂ. ಕೇಳಿಸಿಲ್ವೇನೋ ಅಂದ್ಕೊಂಡೆ."

ಹೌದು ಅಂದುಬಿಟ್ಟರೆ ಮುಗಿದೇಹೋಯಿತು. ಆ ಮಾತು ನಾಲಿಗೆ ತುದಿಯವರೆಗೂ ಬಂದಿತ್ತು.

"ಕೇಳಿಸ್ತು," ಅಂದಳು ಟಕಟಕಿ. "ಕೇಳಿಸಿದ್ರೂ ಬಾರಿಸ್ದೆ."

ಅವರು ಬೈಯುತ್ತಾರೆ ಅಂತ ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ. ಅವರು ಉಸ್ಸಪ್ಪಾ ಎಂದು ಪಕ್ಕದಲ್ಲೇ, ಅದೇ ಮೆಟ್ಟಿಲ ಮೇಲೆ ಕೂತರು.

"ಇವತ್ತು ನಂಗೆ ಹೆದರಿಕೆ ಆಯ್ತು ಕಣಮ್ಮ," ಅಂದರು. "ಸೇತುವೆ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿಹೋಯ್ತು. ಒಂದೇ ಕ್ಷಣ. ಹಿಂದೆ ನಲವತ್ತು ಜನ ಇದ್ರು."

"ನಮ್ಮಮ್ಮನೂ ಇದ್ರು."

"ಗೊತ್ತು. ಕನ್ನಡಿಯಲ್ಲಿ ಕಾಣ್ತಿದ್ರು."

ಇಷ್ಟು ದೊಡ್ಡವರಿಗೂ ಹೆದರಿಕೆಯಾಗುತ್ತದೆ ಎಂದು ಟಕಟಕಿಗೆ ಗೊತ್ತೇ ಇರಲಿಲ್ಲ. ಅವಳು ಸ್ನೇರನ್ನು ಮುಂದೆ ಹಿಡಿದಳು. "ಇದನ್ನ ನೀವೇ ಇಟ್ಕೊಳ್ಳಿ. ಇದೊಂದೇ ಉಳಿದಿರೋದು."

"ನಾನಿಟ್ಕೊಂಡು ಏನ್ ಮಾಡ್ಲಿ? ಊಟ ಬಡಿಸ್ಕೊಳ್ಲಾ?" ಮೀಸೆ ಒಂದು ಚೂರು ಅಲುಗಿತು. "ನಿದ್ದೆ ಕೆಡಿಸೋದು ಇದಲ್ಲ, ಆ ಧಂ ಅನ್ನೋದು. ಎದೆಗೆ ಬಂದು ಗುದ್ದುತ್ತೆ. ಇದನ್ನ ಮೆತ್ತಗೆ ಬಾರಿಸ್ಕೋ."

"ಒಂದೇ ಡ್ರಮ್ಮಲ್ಲಿ ಏನ್ ಬರುತ್ತೆ ಅಂಕಲ್?"

"ನನ್ನ ಬಸ್ಸಿಗೆ ಇರೋದೂ ಒಂದೇ ಹಾರ್ನು. ನಾಯಿ ಮಲಗಿದ್ರೆ ಸಣ್ಣಗೆ ಪೀ. ಲಾರಿ ಅಡ್ಡ ಬಂದ್ರೆ ಉದ್ದಕ್ಕೆ ಪೋಂ. ವಯಸ್ಸಾದೋರು ರಸ್ತೆ ದಾಟ್ತಿದ್ರೆ ಹೊಡೆಯೋದೇ ಇಲ್ಲ, ಕಾಯ್ತೀನಿ. ಅದೂ ಹಾರ್ನ್ ಲೆಕ್ಕಾನೇ." ಅವರು ಎದ್ದರು. "ಹೋಗು, ಮಲ್ಕೋ. ನಾನೂ ಮಲಗ್ಬೇಕು."

ಶುಕ್ರವಾರ ನಾಲ್ಕಕ್ಕೆ ಟಕಟಕಿ ಸ್ನೇರಿನ ಮುಂದೆ ಕೂತಳು. ಬಾರಿಸಲು ಹೆದರಿಕೆ. ಮೇಲೊಂದು ಟವೆಲ್ ಹಾಸಿ ಬೆರಳಿನಿಂದ ತಟ್ಟಿದಳು. ಧಪ್. ಹೊಟ್ಟೆಯಡಿಯ ತಂತಿ ಸಡಿಲಿಸಿದಳು. ಡುಂ, ದೂರದಿಂದ ಬಂದ ಹಾಗೆ. ಅಂಚಿಗೆ ತಟ್ಟಿದರೆ ಟಿಕ್. ಉಗುರಿನಿಂದ ಗೀರಿದರೆ ಸರ್. ಹಳೇ ಪೊರಕೆಯ ನಾಲ್ಕು ಕಡ್ಡಿ ಕಟ್ಟಿ ಸವರಿದರೆ, ಅಬ್ಬಾ, ಯಾರೋ ಅಕ್ಕಿ ಜರಡಿ ಹಿಡಿದ ಹಾಗೆ!

ಪ್ರತಿ ಸದ್ದಿಗೂ ನಿಲ್ಲಿಸಿ ಕೆಳಗೆ ಕಿವಿಗೊಟ್ಟಳು. ಟಕ್ ಬರಲಿಲ್ಲ. ತೆರೆದ ಕಿಟಕಿಯಿಂದ ಬಂದದ್ದು ಬೇರೆಯೇ.

ಗೊರ್ರ್... ಪುಸ್. ಗೊರ್ರ್... ಪುಸ್.

ಗೊರಕೆ! ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಟಕಟಕಿ ಗೊರ್ರ್ ಎನ್ನುವಾಗ ಪೊರಕೆ ಕಡ್ಡಿ ಸವರಿದಳು, ಪುಸ್ ಎನ್ನುವಾಗ ಅಂಚಿಗೆ ಟಿಕ್. ತಾಳ ಕೂತುಬಿಟ್ಟಿತು. ನಡುವೆ ಒಂದು ಸಲ ಗೊರಕೆ ನಿಂತಿತು. ಅವಳ ಜೀವ ಬಾಯಿಗೆ ಬಂತು. ಕೈ ಎತ್ತಿ ಕಾದಳು. ಕಾದಳು. ಗೊರ್ರ್... ಸದ್ಯ!

ಶನಿವಾರ ಸ್ಟೇಜ್ ಮೇಲೆ ಒಂದು ಸ್ಟೂಲು, ಒಂದು ಸ್ನೇರು, ಒಂದು ಟವೆಲು, ನಾಲ್ಕು ಪೊರಕೆ ಕಡ್ಡಿ. ಚಷ್ಮಾ ನೋಡಿ ಹಣೆ ಚಚ್ಚಿಕೊಂಡ. ಟಕಟಕಿಯ ಅಂಗೈ ಬೆವರಿ ಕಡ್ಡಿ ಜಾರುತ್ತಿತ್ತು. ಹಾಲ್ ತುಂಬ ಗಲಾಟೆ. ಜೋರಾಗಿ ಬಾರಿಸಿ ಗೆಲ್ಲುವಂತಿಲ್ಲ. ಅವಳು ಮೆತ್ತಗೆ ಶುರುಮಾಡಿದಳು. ಸರ್... ಟಿಕ್. ಸರ್... ಟಿಕ್. ಆಮೇಲೆ ಕೈ ಎತ್ತಿ ನಿಲ್ಲಿಸಿ ಕಾದಳು, ರಸ್ತೆ ದಾಟುವ ಮುದುಕರಿಗೆ ಬಸ್ಸು ಕಾಯುವ ಹಾಗೆ.

"ಶ್!" ಅಂದರು ಯಾರೋ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೊನೆಯ ಸಾಲಿನ ಹುಡುಗರು ಎದ್ದು ನಿಂತು ಕತ್ತು ಚಾಚಿದರು. ಗಲಾಟೆ ನಿಂತಿತು. ಚಷ್ಮಾ ಕೂಡ ಕೀಬೋರ್ಡಿನ ಸೌಂಡ್ ಕಡಿಮೆ ಮಾಡಿಕೊಂಡ.

ಸಂಜೆ ಅಮ್ಮನಿಗೆ ಇದನ್ನೆಲ್ಲ ಮೊದಲು ಯಾರು ಹೇಳುವುದು ಎಂದು, ಪ್ರೋಗ್ರಾಂ ನೋಡಲು ಬಂದಿದ್ದ ಅಜ್ಜಿಗೂ ಮೊಮ್ಮಗಳಿಗೂ ಜಗಳ. ಏಳು ಇಪ್ಪತ್ತಕ್ಕೇ ಟಕಟಕಿ ಕಿಟಕಿ ಹತ್ತಿರ ನಿಂತಳು. ಏಳು ಇಪ್ಪತ್ತೈದು. ಗುರುವಾರದ ಹೆದರಿಕೆ ಇನ್ನೂ ಸ್ವಲ್ಪ ಉಳಿದಿತ್ತು. ಬೆರಳು ಸುಮ್ಮನಿದ್ದವು.

ಸರಿಯಾಗಿ ಏಳೂವರೆ. ಬೀದಿಯ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು.

ಪೀ. ಪೀ. ಪೀ.

"ಇದೇನಿದು, ಮೂರು ಸಲ?" ಅಂದಳು ಅಜ್ಜಿ. "ಅಡ್ಡ ಯಾರಿದ್ರು?"

ರಸ್ತೆ ಖಾಲಿಯಿತ್ತು. ನಾಯಿ ಇರಲಿಲ್ಲ, ಲಾರಿಯೂ ಇರಲಿಲ್ಲ.

ಟಕಟಕಿ ಬೆರಳು ಮಡಚಿ ಕಿಟಕಿಯ ಸರಳಿಗೆ ತಟ್ಟಿದಳು.

ಟಕ್. ಟಕ್. ಟಕ್.