ಅಸ್ತು ಎನ್ನುವ ಯಂತ್ರ

"ಇಫ್ ಇಟ್ ರೇನ್ಸ್, ಐ ವಿಲ್ ಗೆಟ್ ವೆಟ್."

ಗುರುಪಾದಪ್ಪ ಹಲಗತ್ತಿಯವರು ಇಷ್ಟು ಹೇಳಿ ಮುಗಿಸುವುದೇ ತಡ, ಎದುರಿನ ಗೋಡೆಯ ಮೇಲೆ ಧೋ ಎಂದು ಮಳೆ ಸುರಿಯತೊಡಗಿತು. ಧಾರವಾಡದ ಸುಭಾಷ್ ರಸ್ತೆಯಲ್ಲಿ ಇನ್ನೊಬ್ಬ ಗುರುಪಾದಪ್ಪನವರು ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು ಓಡುತ್ತಿದ್ದರು. ಅದನ್ನು ನೋಡಿ ಕುರ್ಚಿಯಲ್ಲಿದ್ದ ಗುರುಪಾದಪ್ಪನವರು ತಮ್ಮ ಕಾಲು ಒದ್ದೆಯಾಗದಂತೆ ಮೇಲೆತ್ತಿಕೊಂಡು ಕುಳಿತರು. ತರಗತಿಯಲ್ಲಿದ್ದ ವಿಮಾ ಏಜೆಂಟರೆಲ್ಲ ಬಿದ್ದು ಬಿದ್ದು ನಕ್ಕರು.

ಇದು ಷರತ್ತುದರ್ಶಿಯ ಮಹಿಮೆ. ಇಂಗ್ಲಿಷಿನ ಷರತ್ತು ವಾಕ್ಯಗಳನ್ನು ಕಲಿಸುವುದಕ್ಕೆಂದೇ ಭಾಷಾವಿಜ್ಞಾನಿ ಡಾ. ಮೃಣಾಲಿನಿ ಗಲಗಲಿಯವರು ಕಂಡುಹಿಡಿದ ಯಂತ್ರ. ನೋಡಲು ಊಟದ ಡಬ್ಬಿಯಷ್ಟಿರುವ ಈ ಪೆಟ್ಟಿಗೆ, 'ಹೀಗಾದರೆ ಹಾಗಾಗುತ್ತದೆ' ಎಂಬ ಮಾತು ಕಿವಿಗೆ ಬಿದ್ದೊಡನೆ, ಹಾಗಾದರೆ ಏನೇನಾದೀತು ಎಂದು ಲೆಕ್ಕ ಹಾಕಿ, ಅದನ್ನು ಸಾಧ್ಯತಾಚಿತ್ರವಾಗಿ ಗೋಡೆಗೆ ಎಸೆಯುತ್ತಿತ್ತು. ವ್ಯಾಕರಣ ಸರಿಯಿದ್ದರೆ ಚಿತ್ರವೂ ಸರಿ. ಕ್ರಿಯಾಪದ ಎಡವಿದರೆ ಚಿತ್ರವೂ ಎಡವುತ್ತಿತ್ತು. ಹಿಂದಿನ ದಿನ ಗುರುಪಾದಪ್ಪನವರು 'ವಿಲ್ ಗಾಟ್' ಅಂದಿದ್ದಕ್ಕೆ ಮಳೆ ನೆಲದಿಂದ ಆಕಾಶಕ್ಕೆ ಸುರಿದಿತ್ತು. ಕಂಠಪಾಠದಿಂದ ತಲೆಗೆ ಹತ್ತದ ಪಾಠ ಹೀಗೆ ಕಣ್ಣಿನಿಂದ ಇಳಿಯುತ್ತಿತ್ತು.

ಯಂತ್ರಕ್ಕೆ ಇನ್ನೊಂದು ಗುಣವಿತ್ತು. ಭಾಷೆ ಇರುವುದು ಜನರ ಬಾಯಲ್ಲಿ, ಪುಸ್ತಕದಲ್ಲಲ್ಲ ಎಂಬುದು ಮೃಣಾಲಿನಿಯವರ ಸಿದ್ಧಾಂತ. ಆದ್ದರಿಂದ ಅವರು ಅದಕ್ಕೆ ಅನುಕರಣ ಕಲಿಕೆಯನ್ನೂ ತುಂಬಿದ್ದರು. ಯಾವುದಾದರೂ ವಾಕ್ಯದ ಬೆನ್ನಿಗೆ ಎಲ್ಲರೂ ತಪ್ಪದೆ ಒಂದು ಮಾತನ್ನು ಆಡುತ್ತಿದ್ದರೆ, ಆ ಮಾತೂ ವಾಕ್ಯದ ಭಾಗವೇ ಎಂದು ಯಂತ್ರ ತಿಳಿದುಕೊಳ್ಳುತ್ತಿತ್ತು. ದೇಶದ ಎಲ್ಲ ಷರತ್ತುದರ್ಶಿಗಳಿಗೂ ಒಂದೇ ನೆನಪು. ಧಾರವಾಡದ ಪೆಟ್ಟಿಗೆ ಇಂದು ಕಲಿತದ್ದು ನಾಳೆ ಕೊಚ್ಚಿಯ ಪೆಟ್ಟಿಗೆಗೂ ಗೊತ್ತು.

ಮಾತನ್ನು ಭಾಷೆಯಿಂದ ಭಾಷೆಗೆ ತಿರುಗಿಸುವ ಫೋನು ಎಲ್ಲರ ಜೇಬಿನಲ್ಲೂ ಇರುವ ಕಾಲದಲ್ಲಿ ಇಂಗ್ಲಿಷ್ ಕಲಿಯುವ ಹಣೆಬರಹ ಯಾಕೆ ಎಂದು ನೀವು ಕೇಳಬಹುದು. ಗುರುಪಾದಪ್ಪನವರೂ ಕೇಳಿದ್ದರು. ಅವರು ಜೀವವಿಮೆಯ ಏಜೆಂಟರು. ಫೋನು ತಿರುಗಿಸಿದ ಷರತ್ತುಗಳಿಂದ ಕೋರ್ಟಿನಲ್ಲಿ ರಂಪವಾಗಿ, ಇನ್ನು ಮುಂದೆ ಪಾಲಿಸಿಯ ಮಾತನ್ನು ಏಜೆಂಟನೇ ಬಾಯಾರೆ ಇಂಗ್ಲಿಷಿನಲ್ಲಿ ಹೇಳಬೇಕೆಂದು ಕಾನೂನಾಗಿತ್ತು. ಷರತ್ತುದರ್ಶಿಯ ಮುಂದೆ ಪರೀಕ್ಷೆ ಕೊಡಬೇಕು. ಪಾಸಾಗದಿದ್ದರೆ ಏಜೆನ್ಸಿ ರದ್ದು. ಬೇರೆ ಕಸುಬು ಗೊತ್ತಿಲ್ಲದ ಮನುಷ್ಯ. ಈ ವಯಸ್ಸಿನಲ್ಲಿ ಏಜೆನ್ಸಿ ಹೋದರೆ ಊರಲ್ಲಿ ಮುಖ ಎತ್ತಿ ತಿರುಗುವುದು ಹೇಗೆಂದು ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಕಷ್ಟವಿದ್ದದ್ದು ವ್ಯಾಕರಣದಲ್ಲಲ್ಲ. 'ನೀವು ಸತ್ತರೆ' ಎಂದು ಗುರುಪಾದಪ್ಪನವರು ತಮ್ಮ ಜನ್ಮದಲ್ಲಿ ಯಾರಿಗೂ ಅಂದವರಲ್ಲ. 'ನಾಳೆ ಏನರ ಹೆಚ್ಚು ಕಡಿಮಿ ಆದ್ರ' ಎನ್ನುವ ಒಂದೇ ಮಾತಿನ ಮೇಲೆ ಅವರು ಅರ್ಧ ಧಾರವಾಡಕ್ಕೆ ವಿಮೆ ಮಾಡಿಸಿದ್ದರು. ಅದನ್ನೇ 'ಇಫ್ ಸಮ್‌ಥಿಂಗ್ ಮೋರ್ ಲೆಸ್' ಎಂದು ಇಂಗ್ಲಿಷಿಗೆ ತಂದಾಗ, ಗೋಡೆಯ ಮೇಲೆ ಬದನೆಕಾಯಿ ಮಾರುವವಳೊಬ್ಬಳು ತಕ್ಕಡಿ ಹಿಡಿದು ಜಗಳಕ್ಕೆ ನಿಂತಳು.

"ಇದು ನಡಿಯೂದಿಲ್ಲ ಗುರುಪಾದಪ್ಪನವರ. ನೇರ ಹೇಳಬೇಕು. ನಾ ತೋರಸ್ತೀನಿ ನೋಡ್ರಿ" ಎಂದು ಮೃಣಾಲಿನಿ ಯಂತ್ರದ ಕಡೆ ತಿರುಗಿದರು. "ಇಫ್ ಗುರುಪಾದಪ್ಪ ಡೈಸ್, ಹಿಸ್ ವೈಫ್ ವಿಲ್ ಗೆಟ್ ದ ಮನಿ."

ಗೋಡೆಯ ಮೇಲೆ ಗುರುಪಾದಪ್ಪನವರ ಮನೆಯ ಪಡಸಾಲೆ ಮೂಡಿತು. ಗಂಧದ ಹಾರ ಹಾಕಿದ ಅವರ ಫೋಟೊ, ಮುಂದೆ ಊದಿನಕಡ್ಡಿ, ಕೆಳಗೆ ತಲೆಬಗ್ಗಿಸಿ ಕುಳಿತ ಹೆಂಡತಿ ಕಸ್ತೂರೆವ್ವ.

ನಿಜವಾದ ಕಸ್ತೂರೆವ್ವ ಹಿಂದಿನ ಬೆಂಚಿನಲ್ಲೇ ಇದ್ದರು. ಗಂಡ ಈ ವಯಸ್ಸಿನಲ್ಲಿ ಶಾಲೆಗೆ ಹೋಗುವ ಚಂದವನ್ನು ಕಣ್ಣಾರೆ ನೋಡಲು ಅವರು ಚುರುಮುರಿ ಕಟ್ಟಿಕೊಂಡು ದಿನಾ ಬರುತ್ತಿದ್ದರು. ಈಗ ಚುರುಮುರಿಯ ಪೊಟ್ಟಣ ಅಲ್ಲೇ ಚೆಲ್ಲಿ ಎದ್ದು ನಿಂತರು.

"ಬಿಡ್ತು ಅನ್ರಿ! ಏ ಟೀಚರ್ ಬಾಯಾರ, ಮೊದಲ ಬಿಡ್ತು ಅನ್ರಿ! ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತು ಆಡ್ತೀರಿ!"

ಮೃಣಾಲಿನಿಯವರಿಗೆ ದೊಡ್ಡ ದೊಡ್ಡ ಪದವಿಗಳಿದ್ದವು. ಆದರೆ ಹುಟ್ಟಿ ಬೆಳೆದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ಪದವಿಗಳು ನೆನಪಾಗುವ ಮೊದಲೇ ಅವರ ನಾಲಿಗೆ "ಬಿಡ್ತು, ಬಿಡ್ತು" ಅಂದುಬಿಟ್ಟಿತ್ತು. ಏಜೆಂಟರೂ ಒಕ್ಕೊರಲಿನಿಂದ "ಬಿಡ್ತು" ಅಂದರು. ಪೆಟ್ಟಿಗೆ ಸುಮ್ಮನೆ ಕೇಳಿಸಿಕೊಂಡಿತು.

ತರಗತಿ ಮುಗಿದ ಮೇಲೆ ಗುರುಪಾದಪ್ಪನವರು ಸಂಕೋಚದಿಂದ ಕೇಳಿದರು. "ಬಾಯಾರ, ಈ ಕ್ಲಾಸು ಮುಂಜಾನಿ ಇಟ್ಕೊಳ್ಳಾಕ ಬರೂದಿಲ್ಲೇನ್ರಿ? ಸಂಜಿಮುಂದ ಅಸ್ತು ದೇವತಿಗಳು ತಲಿ ಮ್ಯಾಲೆ ಅಡ್ಡ್ಯಾಡತಾವು. ನಾವು ಅಂದಿದ್ದಕ್ಕ ಅಸ್ತು ಅಂದ್ರ ಮುಗೀತು."

ಮೃಣಾಲಿನಿ ನಕ್ಕರು. "ಇದು ಬರೇ ಲೆಕ್ಕ ಅದರೀ. ನೀವು ಒಂದು ಷರತ್ತು ಹೇಳ್ತೀರಿ, ಯಂತ್ರ ಅದನ್ನ ಖರೇ ಅಂತ ಹಿಡದು ಮುಂದಿಂದು ತೋರಸ್ತದ. ಅಷ್ಟ."

"ಹಂಗಂದ್ರ ನಾವು ಏನಂದ್ರೂ ಅದು ಹೂಂ ಅಂತೈತಿ?"

"ಹೌದು."

"ಮತ್ತ ಅಸ್ತು ದೇವತಿ ಅಂದ್ರ ಬ್ಯಾರೆ ಏನ್ರಿ?"

ವಿಜ್ಞಾನಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಸಮಯ ಬದಲಿಸುವುದಕ್ಕೆ ಆಗಲಿಲ್ಲ. ಹಗಲು ಏಜೆಂಟರು ಗಿರಾಕಿಗಳ ಮನೆ ಸುತ್ತಬೇಕಲ್ಲ. ಹೀಗಾಗಿ ದಿನಾ ದೀಪ ಹಚ್ಚುವ ಹೊತ್ತಿಗೇ ಸಾವು, ಬೆಂಕಿ, ಅಪಘಾತಗಳ ಷರತ್ತು ವಾಕ್ಯಗಳು ನಡೆದವು. ಪ್ರತಿಯೊಂದರ ಬೆನ್ನಿಗೂ ಹಿಂದಿನ ಬೆಂಚಿನಿಂದ ಕಸ್ತೂರೆವ್ವ "ಬಿಡ್ತು ಅನ್ರಿ" ಎಂದು ಗದರುವುದು, ಹೇಳಿದವರು "ಬಿಡ್ತು" ಎಂದು ಗಲ್ಲ ಬಡಿದುಕೊಳ್ಳುವುದು ತಪ್ಪಲಿಲ್ಲ. ಕಸ್ತೂರೆವ್ವನ ಕಾವಲಿನಿಂದ ಧೈರ್ಯ ಬಂದು ಗುರುಪಾದಪ್ಪನವರ ಇಂಗ್ಲಿಷೂ ಕುದುರಿತು.

ಪರೀಕ್ಷೆಯ ದಿನ ಮುಂಬೈಯಿಂದ ವಿಮಾ ಕಂಪನಿಯ ಹಿರಿಯ ಅಧಿಕಾರಿ ಭರೂಚಾ ಬಂದರು. ಇಸ್ತ್ರಿ ಮುರಿಯದ ಕೋಟು, ನಗುವುದಕ್ಕೂ ಮೇಲಿನವರ ಅನುಮತಿ ಬೇಕೇನೋ ಎಂಬಂಥ ಮುಖ. ಅವರೇ ಗಿರಾಕಿಯಾಗಿ ಕುಳಿತರು. ಗುರುಪಾದಪ್ಪನವರು ಮನಸ್ಸಿನಲ್ಲೇ ಉಳವಿ ಚನ್ನಬಸವಣ್ಣನಿಗೆ ಕೈಮುಗಿದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿದರು.

"ಇಫ್ ಯು ಡೈ, ಯುವರ್ ಫ್ಯಾಮಿಲಿ ವಿಲ್ ಗೆಟ್ ದ ಮನಿ."

ಗೋಡೆ ಬೆಳಗಲಿಲ್ಲ. ಗುರುಪಾದಪ್ಪನವರು ಏಜೆನ್ಸಿ ಹೋಯಿತೆಂದೇ ಅಂದುಕೊಂಡರು. ಅಷ್ಟರಲ್ಲಿ ಪೆಟ್ಟಿಗೆಯೊಳಗಿನಿಂದ ಗಟ್ಟಿಯಾಗಿ, ಸಾಕ್ಷಾತ್ ಕಸ್ತೂರೆವ್ವನ ದನಿಯಲ್ಲಿ, ಒಂದು ಗದರಿಕೆ ಬಂತು.

"ಬಿಡ್ತು ಅನ್ರಿ!"

ಕಸ್ತೂರೆವ್ವ ಬೆಚ್ಚಿ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಅವರು ತುಟಿ ಬಿಚ್ಚಿರಲಿಲ್ಲ. ಗುರುಪಾದಪ್ಪನವರು ಅಭ್ಯಾಸಬಲದಿಂದ "ಬಿಡ್ತು" ಎಂದು ಗಲ್ಲ ಬಡಿದುಕೊಂಡರು. ತಕ್ಷಣ ಗೋಡೆ ಬೆಳಗಿ, 'ಉತ್ತೀರ್ಣ' ಎಂದು ಹಸಿರು ಅಕ್ಷರ ಮೂಡಿತು. ಅದರ ಕೆಳಗೆ ತಲೆ ಪೂರ್ತಿ ನರೆತ ಮುದುಕ ಭರೂಚಾ, ಗುಂಡುಕಲ್ಲಿನ ಹಾಗೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಸಾವಿನ ಸುಳಿವೇ ಇಲ್ಲ.

"ಏನಿದು? ಈ ಯಂತ್ರ ಏನು ಹೇಳಿತು?" ಎಂದು ಭರೂಚಾ ಇಂಗ್ಲಿಷಿನಲ್ಲಿ ಕೇಳಿದರು.

ಮೃಣಾಲಿನಿ ನಾಚಿಕೆಯಿಂದ ಕುಗ್ಗಿಹೋದರು. "ಕ್ಷಮಿಸಿ ಸರ್. ಇಲ್ಲಿಯವರ ರೂಢಿಯನ್ನು ಯಂತ್ರ ವ್ಯಾಕರಣವೆಂದು ತಿಳಿದುಕೊಂಡುಬಿಟ್ಟಿದೆ. ಕೆಟ್ಟ ಮಾತು ಬಾಯಿಂದ ಬಂದರೆ ಅದು ನಿಜವಾಗಬಾರದೆಂದು 'ಬಿಡ್ತು' ಎಂದು ಹೇಳಿಸುತ್ತಾರೆ. ಅಂದರೆ, ನೀವು ಸಾಯುವುದು ಬೇಡ ಎಂದು."

ಭರೂಚಾ ಗೋಡೆಯ ಮೇಲಿನ ಮುದುಕನತ್ತ ತಿರುಗಿದರು.

"ನನಗೆ ಫ್ಯಾಮಿಲಿ ಇಲ್ಲ" ಎಂದರು ಆಮೇಲೆ. "ಈ ವಾಕ್ಯವನ್ನು ನಾನು ಸಾವಿರಾರು ಜನಕ್ಕೆ ಕಲಿಸಿದ್ದೇನೆ. ಪ್ರತಿಸಲ ನನ್ನನ್ನೇ ಉದಾಹರಣೆ ಮಾಡಿಕೊಂಡು, ಇಫ್ ಐ ಡೈ, ಇಫ್ ಐ ಡೈ. ಬೇಡ ಅಂತ ಇವತ್ತಿನ ತನಕ ಯಾರೂ ಅಂದಿರಲಿಲ್ಲ." ಕೋಟು ಸರಿಮಾಡಿಕೊಂಡು ಗುರುಪಾದಪ್ಪನವರ ಕಡೆ ನೋಡಿದರು. "ಇನ್ನೊಂದು ಸಲ ಹೇಳ್ತೀರಾ?"

ಗುರುಪಾದಪ್ಪನವರು ಪಾಸಾದರು. ಆದರೆ ಖುಷಿ ಬಹಳ ದಿನ ಉಳಿಯಲಿಲ್ಲ. ನೆನಪು ಒಂದೇ ಆದದ್ದರಿಂದ ಲಖನೌದಲ್ಲೂ ಕೊಚ್ಚಿಯಲ್ಲೂ ಗುವಾಹಟಿಯಲ್ಲೂ ಷರತ್ತುದರ್ಶಿಗಳು ಧಾರವಾಡದ ಹೆಣ್ಣುಮಗಳ ದನಿಯಲ್ಲಿ ಗದರತೊಡಗಿದ್ದವು. "ಬಿಡ್ತು" ಅನ್ನದವರಿಗೆ, ಅವರ ಇಂಗ್ಲಿಷ್ ಎಷ್ಟೇ ಸೊಗಸಾಗಿರಲಿ, ಮುಂದಿನ ಪಾಠವಿಲ್ಲ. ಯಂತ್ರದ ಹೊಸ ಕಲಿಕೆಯನ್ನೆಲ್ಲ ಅಳಿಸಿಹಾಕಬೇಕು, ಅದರ ಮೇಲೆ ನಡೆದ ಪರೀಕ್ಷೆಗಳನ್ನೂ ರದ್ದು ಮಾಡಬೇಕು ಎಂದು ಮುಖ್ಯ ಕಚೇರಿಯಲ್ಲಿ ಮಾತು ಹೊರಟಿತು. ಅಂತಿಮ ತೀರ್ಮಾನ ಭರೂಚಾ ಅವರ ಕೈಯಲ್ಲಿ.

ಸುದ್ದಿ ಹೇಳಲು ಮನೆಗೆ ಬಂದ ಮೃಣಾಲಿನಿ, ಗುರುಪಾದಪ್ಪನವರ ಜೋತುಬಿದ್ದ ಮುಖ ನೋಡಲಾರದೆ, ಇನ್ನೊಂದು ವಿಷಯ ತೆಗೆದರು. "ಒಂದು ವಿಚಿತ್ರ ನಡದದರೀ. ಜನ ಯಂತ್ರದ ಮುಂದ ಕೂತು ಬ್ಯಾರೆ ಯಾವ ವಾಕ್ಯನೂ ಹೇಳವಲ್ಲರು. ಬರೇ 'ನಾಳೆ ನಾ ಸತ್ತರ' ಅನ್ನೂದೊಂದ. ಅವರೊಳಗ ಮನ್ಯಾಗ ಒಬ್ಬರ ಇರೋವರು ಭಾಳ. ಅವರು ಇಂಗ್ಲಿಷ್ ಕಲೀಲಿಕ್ಕೆ ಬರೂದಿಲ್ಲರೀ, ಬೈಸಿಕೊಳ್ಳಲಿಕ್ಕೆ ಬರ್ತಾರ. ಇದನ್ನ ನಾ ಯಾವ ಲೆಕ್ಕದಾಗೂ ಹಿಡದಿದ್ದಿಲ್ಲ."

"ಅಯ್ಯ ಪಾಪ" ಎಂದರು ಕಸ್ತೂರೆವ್ವ. "ಬರೇ ಬೈದು ಬಿಟ್ರ ಹೆಂಗ? ಅವರು ಉಂಡಾರೋ ಇಲ್ಲೋ ಅದು ಕೇಳತೈತೇನು?"

ಮರುದಿನ ಭಾನುವಾರ ಮಧ್ಯಾಹ್ನ ಭರೂಚಾ ಅವರೇ ಫೋನು ಮಾಡಿದರು. ಅವರ ಇಂಗ್ಲಿಷನ್ನು ಫೋನು ಕನ್ನಡಕ್ಕೆ ತಿರುಗಿಸಿ ಒಪ್ಪಿಸಿತು. "ಗುರುಪಾದಪ್ಪನವರೇ, ನಾಳೆ ಅಳಿಸುವ ವಿಚಾರದ ಸಭೆ ಇದೆ. ನಿಮ್ಮ ಪರೀಕ್ಷೆಯ ಬಗ್ಗೆ ಮಾತಾಡಬೇಕಿತ್ತು." ಅಷ್ಟರಲ್ಲಿ ಕಸ್ತೂರೆವ್ವ ಫೋನು ಕಸಿದುಕೊಂಡು ಪರದೆಯ ಮೇಲಿನ ಮುಖವನ್ನು ದಿಟ್ಟಿಸಿದರು.

"ಮುಖ ಯಾಕ ಬಾಡೇತ್ರಿ? ಊಟ ಆತೇನು?"

"ಇಲ್ಲ" ಎಂದರು ಭರೂಚಾ.

"ಇಷ್ಟೊತ್ತಾದ್ರೂ ಹಸಕೊಂಡು ಕುಂತೀರೇನು? ಮೊದಲ ಹೋಗಿ ಉಣ್ರಿ. ಮಾತು ಆಮ್ಯಾಲೆ!" ಎಂದವರೇ ಫೋನು ಕಟ್ ಮಾಡಿಬಿಟ್ಟರು.

"ಏ ಇಕಿನ! ನನ್ನ ಅನ್ನ ಆ ಮನಷ್ಯಾನ ಕೈಯಾಗೈತಿ!" ಗುರುಪಾದಪ್ಪನವರು ತಲೆಯ ಮೇಲೆ ಕೈಹೊತ್ತು ಕುಳಿತರು.

"ನಿಮ್ಮ ಅನ್ನ ಇರಲಿ. ಅವನ ಅನ್ನ ಯಾರು ನೋಡಬೇಕು?"

ಸ್ವಲ್ಪ ಹೊತ್ತಿನ ಮೇಲೆ ಫೋನು ಮತ್ತೆ ಬಡಿದುಕೊಂಡಿತು. ಪರದೆಯ ಮೇಲೆ ಭರೂಚಾ ಒಂದು ತಟ್ಟೆ ಎತ್ತಿ ಹಿಡಿದಿದ್ದರು. ಅದರ ಅಂಚಿಗೆ ನಾಲ್ಕು ಅಗುಳು ಖಿಚಡಿ ಅಂಟಿಕೊಂಡಿತ್ತು.

"ಊಟ ಆತು" ಎಂದರು. ಫೋನಿನ ಸಹಾಯವಿಲ್ಲದೆ, ಅವರದೇ ಬಾಯಿಂದ. ಆಮೇಲೆ ಇಂಗ್ಲಿಷಿಗೆ ಹೊರಳಿ ಮೆಲ್ಲಗೆ ಹೇಳಿದರು: "ಅಳಿಸಲು ನಾನು ಬಿಡುವುದಿಲ್ಲ. ನಾನೂ ಒಂದು ಷರತ್ತುದರ್ಶಿಯನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಅಳಿಸಿದರೆ ನನ್ನ ಮನೆಯಲ್ಲಿ ಮಾತಾಡುವವರು ಯಾರೂ ಉಳಿಯುವುದಿಲ್ಲ."

ಗುರುಪಾದಪ್ಪನವರಿಗೆ ಕಣ್ಣು ತುಂಬಿ ಬಂತು. ಧನ್ಯವಾದ ಹೇಳಬೇಕೆಂದು, ತಪ್ಪಿಲ್ಲದ ಇಂಗ್ಲಿಷ್ ವಾಕ್ಯವೊಂದನ್ನು ಜೋಡಿಸಿಕೊಂಡು ಕೈಚಾಚಿದರು. ಆದರೆ ಫೋನು ಅವರ ಕೈಗೆ ಬರಲೇ ಇಲ್ಲ. ಖಿಚಡಿಗೆ ತುಪ್ಪ ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕಸ್ತೂರೆವ್ವ ಮುಂಬೈಯ ಅಧಿಕಾರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.