ಮಡುವಿನ ತಳದಲ್ಲಿ ಉಸಿರು

ಬಹಳ ಹಿಂದೆ, ನೀಲಮಡು ಎಂಬ ರಾಜ್ಯದಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಜನರಿದ್ದರು. ನೀರಿನಿಂದ ಮೇಲೆ ಬರುವಾಗ ಅವರು ದಾರಿಯುದ್ದಕ್ಕೂ 'ಊ' ಎಂದು ಗುನುಗಬೇಕು. ಅದು ಕುಲದ ಪದ್ಧತಿ. ಯಾಕೆ ಎಂದರೆ, "ಗಂಗಮ್ಮನಿಗೆ ಕೇಳಲಿ ಅಂತ" ಎನ್ನುತ್ತಿದ್ದರು.

ಅವರಲ್ಲಿ ಬೊಮ್ಮಿ ಎಂಬ ಹುಡುಗಿಯಿದ್ದಳು. ಜಲಜಟಿ ಎಂಬ ಮಾಯಾವಿ ಅವಳ ತಮ್ಮ ಚೆನ್ನನನ್ನು ಬೆಳ್ಳಿಮೀನು ಮಾಡಿ, ಬುಟ್ಟಿಯಲ್ಲಿ ಹಾಕಿ, ಮಡುವಿನ ತಳದಲ್ಲಿ ಕಟ್ಟಿದ. "ಹುಣ್ಣಿಮೆಗೆ ತಿನ್ನುತ್ತೇನೆ" ಎಂದ.

ಬೊಮ್ಮಿ ಮುಳುಗಿದಳು. ಬುಟ್ಟಿಗೆ ಹಾಕಿದ್ದು ಮಾಯದ ಗಂಟು. ಕತ್ತರಿಸಿದರೆ ಎರಡಾಗುತ್ತಿತ್ತು, ಬಿಚ್ಚಲೇಬೇಕು. ಬಿಚ್ಚುವ ಮೊದಲೇ ಉಸಿರು ಮುಗಿದು ಮೇಲೆ ಬಂದಳು.

ಅವಳು ಉದ್ದದ ಬಿದಿರು ಕೊಳವೆ ತಂದು, ಒಂದು ತುದಿಯನ್ನು ನೀರಿನ ಮೇಲೆ ಬಿಟ್ಟು, ಇನ್ನೊಂದನ್ನು ಬಾಯಲ್ಲಿ ಕಚ್ಚಿ ಇಳಿದಳು. ಒಂದಾಳು ಆಳದಲ್ಲೇ ಎದೆ ಬಿಗಿಯಿತು. ಎಷ್ಟು ಎಳೆದರೂ ಗಾಳಿ ಬರಲಿಲ್ಲ.

"ಕೊಳವೆ ತೆರೆದೇ ಇದೆ. ಮೇಲೆ ಬೇಕಾದಷ್ಟು ಗಾಳಿ. ಯಾಕೆ ಬರಲಿಲ್ಲ?"

ದಡದ ಮುದಿ ನೀರುನಾಯಿ ನಕ್ಕಿತು. "ಎದೆಯ ಮೇಲೆ ಅಷ್ಟು ನೀರು ಕೂತಿದೆಯಲ್ಲೇ. ಎದೆ ಹಿಗ್ಗೋದು ಹೇಗೆ?"

"ಕಾಲ ಮೇಲೂ ಕೂತಿದೆ. ಕಾಲಿಗೇನೂ ಆಗಲಿಲ್ಲ."

"ಕಾಲು ಉಸಿರಾಡತ್ತೇನೇ?"

ಬೊಮ್ಮಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

ಅವಳು ಮೇಕೆಯ ತೊಗಲಿನ ಚೀಲಕ್ಕೆ ಗಾಳಿ ತುಂಬಿ, ಕಲ್ಲು ಕಟ್ಟಿ ಇಳಿದಳು. ತಳ ಮುಟ್ಟುವಾಗ ಚೀಲ ಬಾಡಿದ ಬದನೆಯಂತಾಗಿತ್ತು. ಗಾಬರಿಯಿಂದ ಮೇಲೆ ತಂದಳು. ಅದು ತಾನೇ ಮತ್ತೆ ಉಬ್ಬಿತು.

"ತೂತಿಲ್ಲ. ಗಾಳಿ ಎಲ್ಲಿಗೆ ಹೋಗಿತ್ತು?"

"ಎಲ್ಲೂ ಹೋಗಿಲ್ಲ. ಆಳದಲ್ಲಿ ಮುದುಡತ್ತೆ, ಮೇಲೆ ಬಂದರೆ ಮೈ ಮುರಿಯತ್ತೆ."

"ಗಾಳಿಗೆ ಮೈಯಿದೆಯಾ?"

"ತಲೆ ತಿನ್ನಬೇಡ ಕಣೇ. ದೊಡ್ಡ ಪಾತ್ರೆ ತಾ."

ಅವಳು ಮದುವೆಮನೆಯ ದೊಡ್ಡ ಹಂಡೆಯನ್ನು ಬೋರಲು ಹಾಕಿ, ಅಂಚಿಗೆ ಬೀಸುಕಲ್ಲುಗಳನ್ನು ಕಟ್ಟಿದಳು. ಊರವರು ಅದನ್ನು ದೋಣಿಯಿಂದ ಹಗ್ಗದಲ್ಲಿ ಇಳಿಬಿಟ್ಟರು, ಜೊತೆಗೆ ಬೊಮ್ಮಿಯೂ ಮುಳುಗಿದಳು. ತಳದಲ್ಲಿ ಅರ್ಧ ಹಂಡೆಗೆ ನೀರೇರಿತ್ತು. ತಲೆ ತೂರಿಸಿ ಉಸಿರೆಳೆದಳು. ಸಲೀಸಾಗಿ ಬಂತು! ನೀರು ಎದೆಯನ್ನು ಒತ್ತಿದಷ್ಟೇ ಹಂಡೆಯ ಗಾಳಿಯನ್ನೂ ಒತ್ತಿತ್ತು. ಒಳಗಿನ ಗಾಳಿಯೂ ಅಷ್ಟೇ ಬಲದಿಂದ ಎದುರು ನಿಂತಿತ್ತು.

ಉಸಿರು ತುಂಬಿಕೊಂಡಳು, ಗಂಟು ಬಿಚ್ಚಿದಳು. ಮತ್ತೆ ತುಂಬಿಕೊಂಡಳು, ಮತ್ತೆ ಬಿಚ್ಚಿದಳು. ಬುಟ್ಟಿ ಕೈಗೆ ಬಂತು.

ಆಗ ಜಲಜಟಿ ಬಂದ. "ನನ್ನ ಮಡುವಿನಲ್ಲಿ ನಿನಗೆ ಗಾಳಿಯೇನೇ?" ಎಂದವನೇ ಹಂಡೆಗೆ ಬಾಯಿ ಹಾಕಿ, ಇದ್ದ ಗಾಳಿಯನ್ನೆಲ್ಲ ಹೀರಿ, ಬಾಯಿ ಬಿಗಿದುಕೊಂಡ.

ಬೊಮ್ಮಿ ಬುಟ್ಟಿಯೊಡನೆ ಮೇಲಕ್ಕೆ ಈಜಿದಳು. ಹೆದರಿಕೆಯಲ್ಲೂ ಪದ್ಧತಿ ಬಿಡಲಿಲ್ಲ. 'ಊ' ಎಂದಳು. ಗುಳ್ಳೆಗಳು ಹೊರಟವು. ಎಷ್ಟು ಗುನುಗಿದರೂ ಎದೆಯ ಗಾಳಿ ಮುಗಿಯದು. ಇದೇನು ಸೋಜಿಗ ಎಂದುಕೊಂಡಳು.

ಅವಳ ಬೆನ್ನಿಗೇ ಜಲಜಟಿಯೂ ಮೇಲೇರಿ ಬಂದ. ಅವನು ಗುನುಗಲಿಲ್ಲ. ಕದ್ದ ಉಸಿರಲ್ಲಿ ಒಂದು ಗುಳ್ಳೆಯನ್ನೂ ಬಿಡಲಿಲ್ಲ. ಏರಿದಷ್ಟೂ ಉಬ್ಬಿದ. ಗಡಿಗೆಯಾದ, ಕಾಳು ತುಂಬುವ ವಾಡೆಯಾದ, ನೀರಿನಿಂದ ತಲೆ ಎತ್ತುತ್ತಲೇ ಢಬ್ಬೆಂದು ಒಡೆದ.

ಮಾಯೆ ಹರಿಯಿತು. ದೋಣಿಯಲ್ಲಿ ಬುಟ್ಟಿ ತೆರೆದರೆ ಚೆನ್ನ ಕಣ್ಣುಜ್ಜುತ್ತ ಕೂತಿದ್ದ.

"ಅಕ್ಕಾ, ಅವನು ಯಾಕೆ ಒಡೆದ?"

"ಗಾಳಿ ಮೈ ಮುರಿಯಿತಂತೆ ಕಣೋ."

"ಅಂದರೆ?"

"ನನಗೂ ಪೂರ್ತಿ ಗೊತ್ತಿಲ್ಲ. ನೀನು ಮಾತ್ರ ಗುನುಗೋದು ಮರೀಬೇಡ."

ನೀಲಮಡುವಿನಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಅಲ್ಲಿ ಇಂದಿಗೂ ನೀರಿನಿಂದ ಮೇಲೆ ಬರುವಾಗ ಯಾರೂ ಉಸಿರು ಹಿಡಿಯುವುದಿಲ್ಲ.