ಕತ್ತರಿ ಕಳೆದ ಮೌನ

"ಕೆಂಪು ದೀಪ ಉರೀತಿದೆ, ಕಣ್ಣು ಕಾಣ್ಸಲ್ವಾ?!"

ಕಾಲೇಜು ರೇಡಿಯೋ ಕೋಣೆಯ ಬಾಗಿಲು ತೆರೆದವನ ಮೇಲೆ ಅವಳು ಹರಿಹಾಯ್ದಳು. ರೆಕಾರ್ಡಿಂಗ್ ನಡೆಯುವಾಗ ಒಳಗೆ ಕಾಲಿಡುವುದೆಂದರೆ ಅವಳ ಮಟ್ಟಿಗೆ ಮಹಾಪಾಪ.

"ಕಾಣ್ತು. ಅದಕ್ಕೇ ಸದ್ದಾಗ್ದೇ ಇರ್ಲಿ ಅಂತ ಚಪ್ಪಲಿ ಬಿಚ್ಕೊಂಡು ಬಂದೆ," ಎಂದ ಅವನು. ಎರಡೂ ಚಪ್ಪಲಿ ಕೈಯಲ್ಲೇ ಇದ್ದವು.

ಬೈಯಲು ತೆರೆದ ಬಾಯಿಗೆ ನಗು ನುಗ್ಗಿತು. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಎದೆಯೊಳಗೆ ಏನೋ ಜಾರಿತ್ತು...

ಕಾಲೇಜಿನಲ್ಲಿ ಎಲ್ಲರಿಗೂ ಅವಳು 'ಕತ್ತರಿ'. ಯಾರ ಮಾತಿನಲ್ಲಿ ಎಷ್ಟೇ 'ಅದೇನಪ್ಪಾ ಅಂದ್ರೆ' ಇದ್ದರೂ ಕಂಪ್ಯೂಟರಿನಲ್ಲಿ ಕಚಕ್ ಕಚಕ್ ಕತ್ತರಿಸಿ, ತೊದಲುವವರನ್ನೂ ಭಾಷಣಕಾರರನ್ನಾಗಿ ಮಾಡುವ ಕೈ ಅವಳದು. ಈಗ ಅವಳು ಮಾಡುತ್ತಿದ್ದ ಕಾರ್ಯಕ್ರಮ, ಸಂಗೀತದ ಲೋಕ ಹೆಣ್ಣುಮಕ್ಕಳನ್ನು ಹೇಗೆ ಮೂಲೆಗೆ ತಳ್ಳುತ್ತದೆ ಎಂಬುದರ ಬಗ್ಗೆ. ಅದರ ಮೊದಲ ಸಭೆಯಲ್ಲಿ ಹೆಣ್ಣಿನ ಕಷ್ಟವನ್ನು ಹುಡುಗರೇ ಸವಿಸ್ತಾರವಾಗಿ ವಿವರಿಸಿದ್ದರು. ಅವಳ ಪಾಲಿಗೆ ಟೀ ತರುವ ಭಾಗ್ಯ!

ಬಂದವನು ಕಾಲೇಜು ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವವನು. ಹೆಸರೂ 'ಕೀಬೋರ್ಡು' ಎಂದೇ ಆಗಿಹೋಗಿತ್ತು. ಅದೇ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಹಿರಿಯ ವಿದ್ಯಾರ್ಥಿನಿ, ಎಲ್ಲರ 'ಡ್ರಮ್ಮಕ್ಕ', ಹೋದ ವರ್ಷ ಹೊರಬಿದ್ದಿದ್ದಳು. "ಹುಡುಗಿ ಮುಂದೆ ನಿಂತು ಹಾಡ್ಲಿ, ಹಿಂದೆ ಕೂತು ಬಡಿಯೋದು ಚೆನ್ನಾಗಿ ಕಾಣಲ್ಲ" ಎಂದಿದ್ದನಂತೆ ಸಂಗೀತ ಕಛೇರಿ ಏರ್ಪಡಿಸಿದವನು. ಅವಳು ಒಪ್ಪಲಿಲ್ಲ. ಬ್ಯಾಂಡಿನವರು ಬೇರೆ ಹುಡುಗನನ್ನು ಕೂರಿಸಿದರು.

ಡ್ರಮ್ಮಕ್ಕ ತನ್ನ ಪಾಲಿನ ರೆಕಾರ್ಡಿಂಗ್ ಆಗಲೇ ಮುಗಿಸಿಕೊಟ್ಟಿದ್ದಳು. ನೀವೂ ಆ ಬಗ್ಗೆ ಮಾತಾಡಿ ಎಂದಾಗ ಬ್ಯಾಂಡಿನ ಎಲ್ಲರಿಗೂ ಒಟ್ಟಿಗೇ ಗಂಟಲು ಕೆಟ್ಟಿತ್ತು. ಬಂದವನು ಇವನೊಬ್ಬನೇ.

ಮೈಕ್ ಮುಂದೆ ಅವನನ್ನು ಕೂರಿಸಿ ಅವಳು ಕೇಳಿದಳು, "ಅವರನ್ನ ತೆಗೆದಾಗ ನೀವೇನು ಮಾಡಿದ್ರಿ?"

ಅವನು ಬಾಯಿ ತೆರೆದ. ಮುಚ್ಚಿದ. ಕುರ್ಚಿ ಕಿರುಗುಟ್ಟಿತು. ಒಂದು ಉಸಿರು ಅರ್ಧಕ್ಕೇ ನಿಂತಿತು. ಕಣ್ಣು ಒದ್ದೆಯಾಯಿತು...

"ಏನೂ ಮಾಡಲಿಲ್ಲ," ಎಂದ ಕೊನೆಗೆ.

'ಸಬೂಬು ಹೇಳದ ಗಂಡಸು! ಇಂಥವರೂ ಇರ್ತಾರಾ?' ಅವಳ ಮನಸ್ಸು ಅಲ್ಲೇ ಮಾರುಹೋಯಿತು.

ಹೊರಡುವಾಗ ಅವನು ಹಿಂತಿರುಗಿ ನಿಂತ. "ನಂಗೆ ಚೆನ್ನಾಗಿ ಮಾತಾಡೋಕೆ ಬರಲ್ಲ. ಆದ್ರೂ... ಇದ್ದಿದ್ದು ಇದ್ದಂಗೆ ಹಾಕ್ತೀರಾ?"

"ಪೂರ್ತಿ ಹಾಕ್ತೀನಿ. ಮಾತು ಕೊಟ್ಟೆ!"

ಕೊಟ್ಟ ಮಾತಿಗಿಂತ ಕೈಯ ಚಟ ದೊಡ್ಡದು. ರೇಡಿಯೋ ಉಸ್ತುವಾರಿಯ ಮೇಷ್ಟ್ರು ದಿನಾ ಹೇಳುತ್ತಿದ್ದರು, "ರೇಡಿಯೋದಲ್ಲಿ ಸುಮ್ನಿದ್ರೆ ಸೆಟ್ಟು ಕೆಟ್ಟಿದೆ ಅಂತ ಜನ ಬಡೀತಾರೆ ಕಣಮ್ಮ!" ಅವಳ ಬೆರಳು ಕೆಮ್ಮು ತೆಗೆಯಿತು, ಕಿರುಗುಡುವ ಕುರ್ಚಿ ತೆಗೆಯಿತು, ಮೌನವನ್ನೂ ತೆಗೆಯಿತು.

ಕತ್ತರಿಸಿದ್ದನ್ನು ಹಾಕಿ ಕೇಳಿದಳು.

"ನೀವೇನು ಮಾಡಿದ್ರಿ?" "ಏನೂ ಮಾಡಲಿಲ್ಲ."

ಕೆನ್ನೆಗೆ ಬಾರಿಸಿದಂತಿತ್ತು. ಕೊಬ್ಬಿದವನ ಉತ್ತರ! ಅವಳಿಗದು ಗೊತ್ತಾಯಿತು. ಗೊತ್ತಾಗಿಯೂ, 'ಆಹಾ, ಎಂಥಾ ಪಂಚ್!' ಎಂದುಕೊಂಡು ಹಾಗೇ ಬಿಟ್ಟಳು.

ಪ್ರಸಾರದ ಸಂಜೆ ಮನೆಯಲ್ಲಿ ಅಪ್ಪ ಮೊಬೈಲಿಗೆ ಕಿವಿ ಹಚ್ಚಿ ಕೇಳಿದರು. "ಏನು ಕಾರ್ಯಕ್ರಮ ಮಗಳೇ! ಆದ್ರೆ ಆ ಹುಡುಗ ಯಾವನು? ಎಷ್ಟು ಸೊಕ್ಕು! ಇಂಥೋರಿಗೆ ಹೆಣ್ಣು ಕೊಡೋರ್ಯಾರು?"

"ಯಾರೋ ಒಬ್ಬಳು ಮರುಳಾಗಿರ್ತಾಳೆ ಬಿಡಿ," ಎಂದರು ಅಮ್ಮ.

ಆ ಮರುಳು ಅರ್ಧ ಊಟಕ್ಕೇ ಕೈ ತೊಳೆದು ಎದ್ದಿತು.

ಮಾರನೆಯ ದಿನದಿಂದ ಕ್ಯಾಂಟೀನಿನಲ್ಲಿ ಅವನು 'ಏನೂ ಮಾಡದ ಮಹಾಶಯ'. ಡ್ರಮ್ಮಕ್ಕನನ್ನು ತೆಗೆದ ಅದೇ ಬ್ಯಾಂಡು, "ಹೆಣ್ಣಿಗೆ ಗೌರವ ಕೊಡದವರಿಗೆ ನಮ್ಮಲ್ಲಿ ಜಾಗವಿಲ್ಲ" ಎಂದು ಘೋಷಿಸಿ ಅವನನ್ನು ಕೈಬಿಟ್ಟಿತು. ನಾಚಿಕೆಗೆ ನಾಚಿಕೆಯಾಗಬೇಕು!

ಮೆಟ್ಟಿಲಲ್ಲಿ ಎದುರಾದಾಗ ಅವನು ಕೇಳಿದ್ದು ಒಂದೇ. "ನಿಮಗೂ ನಾನು ಅಷ್ಟೇನಾ?"

ಕೇಳಿದವನು ಮೆಟ್ಟಿಲಿಳಿಯತೊಡಗಿದ.

'ಹೇಳ್ಬಿಡೇ, ನಾನೇ ಕತ್ತರಿಸಿದ್ದು ಅಂತ...' ನಾಲಿಗೆ ಏಳಲಿಲ್ಲ. ಕಾರ್ಯಕ್ರಮಕ್ಕೆ ಸಿಕ್ಕ ಚಪ್ಪಾಳೆ ಅವಳ ಕಿವಿಯಲ್ಲಿ ಚಪ್ಪಲಿಯೇಟಿನಂತೆ ಕೇಳತೊಡಗಿತು.

ಅಂತೂ ಡ್ರಮ್ಮಕ್ಕನೇ ರೇಡಿಯೋ ಕೋಣೆಗೆ ಬಂದಳು. "ಏನಮ್ಮಾ ಕತ್ತರಿ, ಅವನು ಹಂಗೆ ಹೇಳೋನಲ್ಲ. ಮೂಲ ರೆಕಾರ್ಡಿಂಗ್ ಹಾಕು."

ಹಾಕಿದಳು. ಪ್ರಶ್ನೆ. ಕುರ್ಚಿಯ ಕಿರುಗು. ತಡೆದ ಉಸಿರು. ಮೌನ... ಮೌನ... "ಏನೂ ಮಾಡಲಿಲ್ಲ."

ಡ್ರಮ್ಮಕ್ಕ ಕಣ್ಣೊರೆಸಿಕೊಂಡಳು. "ಎಲ್ರೂ 'ಸಾರಿ ಅಕ್ಕಾ' ಅಂತ ಮೆಸೇಜ್ ಹಾಕಿದ್ರು ಕಣೇ. ಬೆರಳಿಗೇನು ಕಷ್ಟ? ನನ್ನ ವಿಷಯ ಬಂದಾಗ ಮಾತು ಕಟ್ಟಿದ್ದು ಇವನೊಬ್ಬನಿಗೆ. ನಂಗೆ ಬರಬೇಕಾಗಿದ್ದ ಕ್ಷಮಾಪಣೆ ಅದು. ಅದನ್ನೇ ಕಸಕ್ಕೆ ಹಾಕಿದ್ಯಲ್ಲೇ!"

"ಅಕ್ಕಾ..."

"ತಾಳಮ್ಮಾ, ಮುಗೀಲಿಲ್ಲ. ನಿನ್ನ ರೆಕಾರ್ಡಿಂಗಿಗೆ ಬಂದಾಗ ನಾನು ಡ್ರಮ್ಸ್ ಬಾರಿಸಿ ತೋರ್ಸಿದ್ದೆ, ಆಮೇಲೆ ಸ್ವಲ್ಪ ಅತ್ತಿದ್ದೆ. ನೀನು ಅಳು ಇಟ್ಕೊಂಡೆ, ಬಾರಿಸಿದ್ದು ಬಿಟ್ಟೆ. ಆ ಕಛೇರಿ ಏರ್ಪಡಿಸಿದೋನು ಹಾಡು ಅಂದ, ನೀನು ಅಳು ಅಂದೆ. ಇಬ್ಬರಿಗೂ ಏನು ವ್ಯತ್ಯಾಸ?"

ಕತ್ತರಿಗೆ ಆಗ ಹೊಳೆಯಿತು. ಹೆಣ್ಣಿನ ಸದ್ದಡಗಿಸಿದವರ ಕಥೆ ಹೇಳಹೊರಟು ತಾನೂ ಅದೇ ಸಾಲಿನಲ್ಲಿ ನಿಂತಿದ್ದಳು. ಅದೂ ಮೈಕ್ ಹಿಡಿದು!

ಮುಂದಿನ ವಾರ ನೇರ ಪ್ರಸಾರದಲ್ಲಿ ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೋದ ವಾರ ನೀವು ಕೇಳಿದ್ದು ನಿಜ ಅಲ್ಲ. ಒಬ್ಬರ ಮೌನ, ಒಬ್ಬರ ತಾಳ, ಎರಡನ್ನೂ ಕತ್ತರಿಸಿದ್ದು ನಾನು. ತಪ್ಪು ಅಂತ ಗೊತ್ತಿದ್ದೂ ಕತ್ತರಿಸಿದೆ. ಈಗ ಪೂರ್ತಿ ಕೇಳಿ."

ಮೌನ ಶುರುವಾಯಿತು. ಗಾಜಿನಾಚೆ ಮೇಷ್ಟ್ರು ಎರಡೂ ಕೈ ಆಡಿಸುತ್ತಿದ್ದರು, "ಸೆಟ್ಟು ಬಡೀತಾರೆ! ಬಡೀತಾರೆ!" ಅವಳ ಬೆರಳು ತವಕಿಸಿತು. ಅದನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದಳು.

ಕ್ಯಾಂಟೀನಿನಲ್ಲಿ ಲೋಟಗಳ ಸದ್ದು ನಿಂತಿತಂತೆ. "ಏನೂ ಮಾಡಲಿಲ್ಲ" ಬಂದಾಗ ಒಬ್ಬರೂ ನಗಲಿಲ್ಲವಂತೆ. ಆಮೇಲೆ ಡ್ರಮ್ಮಕ್ಕನ ಡ್ರಮ್ಸ್, ತಡೆಯಿಲ್ಲದೆ, ಕೊನೆಯವರೆಗೂ...

ಕಾರ್ಯಕ್ರಮ ಮುಗಿಯಿತು. ಕೆಂಪು ದೀಪ ಆರಿತು. ಬಾಗಿಲಲ್ಲಿ ಅವನು ನಿಂತಿದ್ದ.

"ದೀಪ ಆರೋವರೆಗೂ ಕಾದೆ. ಬೈಗುಳ ಬೇಡ ಅಂತ."

"ಬೈಸ್ಕೋಬೇಕಾದವಳು ನಾನು! ನಿಮ್ಮನ್ನ ಊರಿಗೆಲ್ಲ ಕೆಟ್ಟವರನ್ನಾಗಿ ಮಾಡಿ, ಆಮೇಲೂ ಬಾಯಿ ಮುಚ್ಕೊಂಡಿದ್ದೆ..."

"ಅಕ್ಕನ್ನ ತೆಗೆದಾಗ ನಾನೂ ಮುಚ್ಕೊಂಡಿದ್ದೆ. ಈಗ ಇಬ್ಬರೂ ಒಂದೇ ತಕ್ಕಡಿ," ಎಂದ ಅವನು ಮೆಲ್ಲಗೆ. "ಅಕ್ಕನ ಹತ್ರ ಹೋಗಿದ್ದೆ. ಹೊಸ ಬ್ಯಾಂಡ್ ಕಟ್ತಾಳಂತೆ. 'ಹಿಂದೆ ನಿಂತ್ಕೊಂಡು ನುಡಿಸ್ತೀಯಾ?' ಅಂದ್ಲು. ಹೂಂ ಅಂದೆ."

ಅವಳು ನಕ್ಕಳು. ನಗುವಿನ ಹಿಂದೆಯೇ ಅಳು ಬಂತು. ಅಳುವಿನ ಹಿಂದೆಯೇ, ಕತ್ತರಿಸಲು ಕೈ ಬರುವ ಮುನ್ನ, ಮಾತು ಹಾರಿತು.

"ನಂಗೆ ನೀವಂದ್ರೆ ಇಷ್ಟ. ಆವತ್ತು ನಿಮಗೆ ಮಾತು ಬರ್ಲಿಲ್ವಲ್ಲ... ಆಗ್ಲಿಂದ!"

ಅವನು ಬಾಯಿ ತೆರೆದ. ಮುಚ್ಚಿದ. ಒಂದು ಉಸಿರು ಅರ್ಧಕ್ಕೇ ನಿಂತಿತು.

ಅವಳ ಜೀವ ಹೋಗಿ ಬಂತು. ಏನಾದರೂ ಹೇಳಿ ಆ ಮೌನ ತುಂಬಿಸೋಣವೆಂದು ನಾಲಿಗೆ ತುರಿಸಿತು. ತುಂಬಿಸಲಿಲ್ಲ.

"ಉತ್ತರ ಬರ್ತಾ ಇದೆ..." ಎಂದ ಅವನು, ಒದ್ದೆ ಕಣ್ಣಲ್ಲೇ ನಗುತ್ತಾ.

"ನಿಧಾನಕ್ಕೆ ಬರ್ಲಿ," ಎಂದಳು ಅವಳು. "ನಾನು ಕಾಯ್ತೀನಿ."